ಮರಿಸ್ವಾಮಿಯ ಬಾಗಿಲಿಗೊಂದು ಹಾಡು

ನಮ್ಮೂರಿನಲ್ಲಿ ಬೀಗದ ಅಂಗಡಿ ಇಲ್ಲ. ಬಾಗಿಲುಗಳು ಹಾಡಿಗೆ ತೆರೆಯುತ್ತವೆ. ಮನೆಗೊಂದು ಹಾಡು. ಬಾಗಿಲ ಹತ್ತಿರ ಬಾಯಿ ತಂದು ಆ ಮನೆಯ ಹಾಡನ್ನು ಮೆಲ್ಲಗೆ ಹೇಳಿದರೆ ಸಾಕು, ಯಾರ ದನಿಯಾದರೂ ನಡೆಯುತ್ತದೆ. ಹಾಗಾಗಿ ನಮ್ಮೂರಿನ ಕಳ್ಳರಿಗೆ ಕಿವಿ ಚುರುಕು. ಹೆಂಗಸರ ಸೊಂಟದಲ್ಲಿ ಬೀಗದಕೈ ಗೊಂಚಲಿನ ಬದಲು ಒಂದು ಚೂರು ಒಣಶುಂಠಿ ಇರುತ್ತದೆ. ನೆಗಡಿಯ ತಿಂಗಳಲ್ಲಿ ಬೀದಿಯುದ್ದಕ್ಕೂ ಜನ ತಮ್ಮ ತಮ್ಮ ಬಾಗಿಲ ಮುಂದೆ ಕೆಮ್ಮುತ್ತ, ಗಂಟಲು ಸರಿಮಾಡಿಕೊಳ್ಳುತ್ತ, ಮತ್ತೆ ಮೊದಲ ಸಾಲಿನಿಂದ ಶುರು ಮಾಡುತ್ತ ನಿಂತಿರುತ್ತಾರೆ. ಅಂಚೆ ಕಚೇರಿಯ ಹಾಡು ಹನ್ನೆರಡು ಸಾಲಿನದು, ಯಾವುದೋ ಸಮಿತಿ ಕೂತು ಬರೆದದ್ದು. ಅದನ್ನು ಹಾಡಿ ಮುಗಿಸಿದ ಗುಮಾಸ್ತರು ಒಳಗೆ ಹೋಗುವುದಿಲ್ಲ, ಸುಸ್ತಾಗಿ ನೇರ ಕಾಫಿಗೆ ಹೋಗುತ್ತಾರೆ.

ಮನೆ ಖಾಲಿಯಾದ ಕೂಡಲೇ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಒಳಗಿದ್ದವರು ಸುಮ್ಮನೆ ಎಳೆದರೆ ತೆರೆಯುತ್ತದೆ. ಹಾಡು ಬದಲಾಯಿಸಬೇಕೆಂದರೆ ಹಳೆಯದನ್ನು ಹಾಡಿ ಬಾಗಿಲು ತೆರೆಸಿ, ಆ ಮನೆಯಲ್ಲಿ ವಾಸವಿರುವ ಪ್ರತಿಯೊಬ್ಬರೂ ಹೊಸದನ್ನು ತೆರೆದ ಬಾಗಿಲಿಗೆ ಹಾಡಬೇಕು. ಒಬ್ಬರು ಬಿಟ್ಟುಹೋದರೂ ಬಾಗಿಲು ಹೊಸದನ್ನು ಹಿಡಿಯುವುದಿಲ್ಲ. ಆದ್ದರಿಂದ ನಮ್ಮಂಥವರಿಗೆ ಊರಿನಲ್ಲಿ ಯಾವಾಗಲೂ ಕೆಲಸ. ಮದುವೆಯಾದರೆ, ಮಗು ಮಾತು ಕಲಿತರೆ, ಅತ್ತೆ ಹಲ್ಲು ಕಳೆದುಕೊಂಡರೆ ಯಾರೋ ಬಂದು ಕರೆಯುತ್ತಾರೆ.

ನಾನು ಈ ಕೆಲಸ ಕಲಿತದ್ದು ಸೀಗಮ್ಮನ ಹತ್ತಿರ. ಕೆಳಪೇಟೆಯ ಅರ್ಧ ಬಾಗಿಲುಗಳು ಅವಳ ಹಾಡಿಗೇ ತೆರೆಯುತ್ತಿದ್ದವು. ಬರೆಯುವ ಮೊದಲು ಅವಳು ಆ ಮನೆಗೆ ಹೋಗಿ ಇಡೀ ಒಂದು ದಿನ ಕೂತಿರುತ್ತಿದ್ದಳು. ಅವರೆಕಾಯಿ ಬಿಡಿಸಿಕೊಡುತ್ತ, ಮಗುವಿಗೆ ಜಡೆ ಹಾಕುತ್ತ, ಯಾರು ಯಾರನ್ನು ಹೇಗೆ ಕರೆಯುತ್ತಾರೆ, ತಾತನಿಗೆ ಎಷ್ಟನೇ ಮಾತಿಗೆ ಏದುಸಿರು ಬರುತ್ತದೆ, ಸೊಸೆಗೆ ಯಾವ ಅಕ್ಷರ ತೊಡರುತ್ತದೆ ಎಂದು ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ನಾಲ್ಕು ಸಾಲು. ಎಂದೂ ಐದಲ್ಲ. ನಾನು ಬರೆದದ್ದನ್ನು ತೋರಿಸಿದರೆ ಅವಳು ಓದುತ್ತಲೇ ಇರಲಿಲ್ಲ. ನನ್ನ ಎರಡೂ ಕೈಗೆ ನೀರು ತುಂಬಿದ ಬಿಂದಿಗೆ ಕೊಟ್ಟು, ಬೀದಿಯ ತುದಿಯಿಂದ ನಡೆದುಬಂದು ಹಾಡು ಅನ್ನುತ್ತಿದ್ದಳು. ಅದಾದ ಮೇಲೆ, “ಈಗ ಅತ್ಕೊಂಡು ಹಾಡು” ಅನ್ನುತ್ತಿದ್ದಳು.

“ಅಳು ಬರ್ತಿಲ್ವಲ್ಲ ಸೀಗಮ್ಮ.”

“ನಿಂಗೆ ಬರದಿದ್ರೆ ಆ ಮನೆಯೋರಿಗೆ ಒಂದಿನ ಬರುತ್ತೆ ಕಣೇ. ಸಾವಿಗೆ ಹೋಗಿ ಬಂದು ಬಾಗಲ ಮುಂದೆ ನಿಂತಾಗ ನಿನ್ನ ಈ ‘ಚಂದ್ರಿಕೆ’ ಗಿಂದ್ರಿಕೆ ಅವರ ಬಾಯಲ್ಲಿ ಹೊರಳುತ್ತಾ? ತೆಗಿ ಅದನ್ನ.”

ತೆಗೆಯುತ್ತಿದ್ದೆ. ಆದರೆ ಒಳಗೊಳಗೇ ಸೀಗಮ್ಮನ ಹಾಡುಗಳೆಂದರೆ ನನಗೆ ಉಪ್ಪಿಟ್ಟಿನ ಹಾಗೆ. ಹೊಟ್ಟೆ ತುಂಬುತ್ತದೆ, ಆದರೆ ನಿನ್ನೆ ಏನು ತಿಂದೆ ಎಂದು ಯಾರಿಗೂ ನೆನಪಿರುವುದಿಲ್ಲ. ಜನ ದಾರಿಯಲ್ಲಿ ನಿಂತು ಕೇಳುವಂಥದ್ದನ್ನು ಬರೆಯಬೇಕೆಂದು ನನಗಾಸೆ. ಎರಡು ವರ್ಷವಾಗುತ್ತಲೇ ಅವಳನ್ನು ಬಿಟ್ಟು ಬಂದು, ಬಾಡಿಗೆ ಕೋಣೆಯ ಮುಂದೆ ‘ತಾರಿಣಿ — ಹೊಸ ಬಗೆಯ ಬಾಗಿಲ ಹಾಡುಗಳು’ ಎಂದು ಹಲಗೆ ತೂಗುಹಾಕಿದೆ.

ಮೊದಲ ಕೆಲಸ ಸಿಕ್ಕಿದ್ದು ಒಂದು ಚಪ್ಪಲಿ ಅಂಗಡಿಯಿಂದ. ಆ ಧಾಟಿ ಎಷ್ಟು ಸಲೀಸಾಗಿ ನಾಲಿಗೆಗೆ ಹತ್ತಿತೆಂದರೆ ವಾರದೊಳಗೆ ಇಡೀ ಬೀದಿ ಅದನ್ನು ಗುನುಗತೊಡಗಿತು. ಹಾಲಿನವನು ಗುನುಗುತ್ತ ಸೈಕಲ್ಲಿನಲ್ಲಿ ಹೋದರೆ ಅಂಗಡಿಯ ಬಾಗಿಲು ತೆರೆಯುತ್ತಿತ್ತು. ಹೆಂಗಸರು ಬಟ್ಟೆ ಒಗೆಯುತ್ತ ಗುನುಗಿದರೆ ಮತ್ತೆ ತೆರೆಯುತ್ತಿತ್ತು. ಒಂಬತ್ತನೆಯ ದಿನ ಅಂಗಡಿಯವರು ಬಂದು ನನ್ನ ಮುಂದೆ ಕೈಮುಗಿದರು. “ತಾಯಿ, ನಿಮ್ಮ ಹಾಡು ಬಲು ಚೆನ್ನಾಗಿದೆ. ಸ್ವಲ್ಪ ಚೆನ್ನಾಗಿಲ್ಲದ್ದು ಒಂದು ಬರ್ದುಕೊಡಿ.”

ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ.

ಆ ವರ್ಷವೇ ದಾಕ್ಷಾಯಿಣಿ ಮತ್ತು ಮರಿಸ್ವಾಮಿ ನನ್ನ ಹತ್ತಿರ ಬಂದದ್ದು. ಮದುವೆಯಾಗಿ ಹದಿನೈದು ದಿನ. ಅವಳು ಬಳೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವನು ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಅವನು ಕೂಗಿದರೆ ಮಂಡಿಯ ತಗಡಿನ ಮಾಡು ಅದುರುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಟೈಲರ್ ಪಾಪಣ್ಣನ ಪಕ್ಕದ ಒಂದೂವರೆ ಕೋಣೆಯ ಮನೆ ಹಿಡಿದಿದ್ದರು. ಇಬ್ಬರೂ ಬೆಂಚಿನ ಮೇಲೆ ಅಂಟಿಕೊಂಡು ಕೂತಿದ್ದನ್ನು ನೋಡಿ, ಅವರ ಮನೆಗೆ ಹೋಗುವ ಅಗತ್ಯವೇ ನನಗೆ ಕಾಣಲಿಲ್ಲ. ಅಲ್ಲೇ ಕೂತು ನಮ್ಮೂರಿನಲ್ಲಿ ಅದುವರೆಗೆ ಯಾರೂ ಬರೆಯದ ಒಂದನ್ನು ಬರೆದೆ. ಎರಡು ದನಿಯ ಹಾಡು. ಅವಳು ‘ನೀನಿರದೆ ದಾಟೆನು ಈ ಹೊಸಿಲ’ ಎಂದು ಎತ್ತಿಕೊಳ್ಳಬೇಕು. ಅವಳು ಮುಗಿಸುವ ಮೊದಲೇ ಅವನು ‘ಈ ಹೊಸಿಲ ದಾಟೆನು ನೀನಿರದೆ’ ಎಂದು ಕೆಳಗಿನ ಸ್ವರದಲ್ಲಿ ಸೇರಿಕೊಳ್ಳಬೇಕು. ಎರಡೂ ಒಂದರ ಮೇಲೊಂದು ಬಿದ್ದಾಗಲೇ ಬಾಗಿಲು ತೆರೆಯುತ್ತಿತ್ತು. ಯಾರು ಮೊದಲು ಬಂದರೂ ಇನ್ನೊಬ್ಬರಿಗಾಗಿ ಪಾಪಣ್ಣನ ಅಂಗಡಿಯ ಮೆಟ್ಟಿಲ ಮೇಲೆ ಕಾಯಬೇಕು. ಅವರಿಗೆ ಅದೇ ಒಂದು ಸಂಭ್ರಮ. ಸಂಜೆ ಅವರು ಬಾಗಿಲು ತೆರೆಸುವುದನ್ನು ನೋಡಲು ಜನ ಬರುತ್ತಿದ್ದರು.

ಸೀಗಮ್ಮನೂ ಒಂದು ಸಂಜೆ ಬಂದಳು. ಕೇಳಿ, “ಒಬ್ರಿಗೆ ಗಂಟಲು ಕಟ್ಟಿದ್ರೆ?” ಅಂದಳು.

“ವಾಸಿಯಾಗೋ ತನಕ ಒಬ್ರು ಒಳಗಿರ್ತಾರೆ. ಅದೂ ಚಂದಾನೇ ಅಲ್ವಾ ಸೀಗಮ್ಮ?”

ಅವಳು ಪಾಪಣ್ಣ ತರಿಸಿದ ಕಾಫಿ ಕುಡಿದು ಹೋದಳು. ಆ ಮಳೆಗಾಲದಲ್ಲಿ ನಾನು ಹನ್ನೊಂದು ಜೋಡಿ ಹಾಡು ಬರೆದೆ. ಊರಾಚೆಯಿಂದಲೂ ಜನ ನನ್ನ ವಿಳಾಸ ಕೇಳಿಕೊಂಡು ಬಂದರು.

ಮೂರು ವರ್ಷದ ಮೇಲೆ ಮರಿಸ್ವಾಮಿಯ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ದೂರದ ದೊಡ್ಡಾಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆ ತೆಗೆದರು. ಜೀವ ಉಳಿಯಿತು. ಒಂದು ತಿಂಗಳಾದ ಮೇಲೆ ಗಂಡಹೆಂಡತಿ ಊರಿಗೆ ಬಂದ ದಿನ ನಾನೂ ಮೂಸಂಬಿ ಹಿಡಿದು ಹೋಗಿದ್ದೆ. ಅವನ ಕುತ್ತಿಗೆಯಲ್ಲಿ ರೂಪಾಯಿಯಗಲದ ತೂತು, ಅದರ ಮೇಲೆ ತೆಳು ಬಟ್ಟೆ. ಅವನು ಉಸಿರಾಡುವುದು ಅಲ್ಲಿಂದಲೇ. ಬಾಗಿಲು ಮುಚ್ಚಿತ್ತು. ದಾಕ್ಷಿ ಚೀಲ ಕೆಳಗಿಟ್ಟು, ತಿಂಗಳಿನಿಂದ ಅದನ್ನೇ ಕಾದಿದ್ದವಳಂತೆ ಹಾಡು ಎತ್ತಿಕೊಂಡಳು. ಅವನು ಸೇರಿಕೊಳ್ಳಬೇಕಾದ ಜಾಗದಲ್ಲಿ ಬಟ್ಟೆಯ ಹಿಂದೆ ಗಾಳಿ ಸುಯ್ಯೆಂದಿತು, ಅಷ್ಟೆ. ಅವಳು ಮತ್ತೆ ಹಾಡಿದಳು. ಆಗಲೇ ಅವಳಿಗೆ ಗೊತ್ತಾಗಿತ್ತು, ಆದರೂ ಮೂರನೆಯ ಸಲ ಶುರು ಮಾಡಿದಳು. ಆಗ ಹೊಲಿಗೆ ಯಂತ್ರದ ಸದ್ದು ನಿಂತಿತು. ಮೂರು ವರ್ಷ ದಿನಾ ಕೇಳಿ ಬಾಯಿಪಾಠವಾಗಿದ್ದ ಪಾಪಣ್ಣ ತನ್ನ ಅಂಗಡಿಯೊಳಗಿಂದಲೇ ಎರಡನೆಯ ದನಿ ಸೇರಿಸಿದ. ಬಾಗಿಲು ತೆರೆಯಿತು. ‘ಈ ಹೊಸಿಲ ದಾಟೆನು ನೀನಿರದೆ.’ ಬೀದಿಯಲ್ಲಿದ್ದವರೆಲ್ಲ ಬೇರೆ ಕಡೆ ನೋಡಿದರು. ಮರಿಸ್ವಾಮಿ ಎಲ್ಲರಿಗಿಂತ ಕೊನೆಗೆ ಒಳಗೆ ಹೋದ. ನಾನು ಮೂಸಂಬಿಯನ್ನು ಜಗಲಿಯ ಮೇಲಿಟ್ಟು ಬಂದುಬಿಟ್ಟೆ.

ಆಮೇಲೆ ಅದೇ ದಿನಚರಿಯಾಯಿತು. ಗಂಡಹೆಂಡತಿ ಇಬ್ಬರೂ ಹೊರಗಿದ್ದರೆ ಪಾಪಣ್ಣ ಕತ್ತರಿ ಕೆಳಗಿಟ್ಟು ಬರಬೇಕು. ಅವನು ಒಳ್ಳೆಯ ಮನುಷ್ಯ. ಆದರೆ ಹಾಡಲು ಅವಕಾಶ ಸಿಕ್ಕಿದ ಒಳ್ಳೆಯ ಮನುಷ್ಯ. ದಿನ ಕಳೆದಂತೆ ‘ದಾಟೆನು’ವಿನ ಮೇಲೆ ಒಂದು ಎಳೆತ, ಒಂದು ಕೊಂಕು, ಕೊನೆಗೆ ಕಣ್ಣುಮುಚ್ಚಿ ಒಂದು ಸುತ್ತು. ಒಂದು ಸಂಜೆ ಅವನ ಹೆಂಡತಿ ಮಹಡಿಯಿಂದ ಬಗ್ಗಿ, “ನಮ್ಮನೆ ಬಾಗಲಿಗೆ ಹಾಡೋವಾಗ ಹಿಟ್ಟಿನ ಗಿರಣಿ ಥರ ಇರೋ ದನಿ, ಪಕ್ಕದ ಮನೆ ಬಾಗಲಿಗೆ ಎಲ್ಲಿಂದ ಬರುತ್ತೋ!” ಎಂದು ಕೇಳಿದಳು. ಬೀದಿಗೆ ಬೀದಿಯೇ ನಕ್ಕಿತು. ದಾಕ್ಷಿಯೂ ನಕ್ಕಳು. ಮರಿಸ್ವಾಮಿ ಆವತ್ತಿನಿಂದ ಹೊರಗೆ ಬರುವುದನ್ನೇ ನಿಲ್ಲಿಸಿದ. ಮಂಡಿಯವರು ತೂಕದ ಕೆಲಸ ಕೊಡುತ್ತೇವೆ ಬಾ ಎಂದು ಹೇಳಿ ಕಳಿಸಿದರೂ ಹೋಗಲಿಲ್ಲ. ಹೋದರೆ ವಾಪಸು ತನ್ನ ಮನೆಯೊಳಗೆ ಬರಲು ಇನ್ನೊಬ್ಬ ಗಂಡಸು ತನ್ನ ಹೆಂಡತಿಯ ಜೊತೆ ಹಾಡಬೇಕಲ್ಲ.

ಒಂದು ಗುರುವಾರ ದಾಕ್ಷಿ ನನ್ನ ಕೋಣೆಗೆ ಬಂದಳು. ಸೆರಗಿನೊಳಗಿಂದ ಒಂದು ಸ್ಲೇಟು ತೆಗೆದು ಮೇಜಿನ ಮೇಲಿಟ್ಟಳು. ಮರಿಸ್ವಾಮಿಯ ಅಕ್ಷರ: ‘ಸೋಮವಾರ ಅಣ್ಣನ ಮನೆಗೆ ಹೋಗ್ತೀನಿ. ನಾನಿಲ್ಲಿ ಇರದಿದ್ರೆ ನೀನೊಬ್ಬಳೇ ಹಾಡೋ ಹಾಡನ್ನ ಬಾಗಿಲು ಹಿಡಿಯುತ್ತೆ.’

“ಅಕ್ಕ, ನಿಮ್ಮನ್ನ ಬೈಯೋಕೆ ಬಂದಿಲ್ಲ,” ಅಂದಳು. “ಒಂಟಿ ಹಾಡು ಬರ್ಕೊಡಿ ಅನ್ನೋಕೂ ಬಂದಿಲ್ಲ. ಅವರೂ ಹಾಡೋ ಅಂಥದ್ದು ಬರ್ಕೊಡಿ.”

“ಅವರಿಗೆ ದನಿ ಇಲ್ವಲ್ಲ ದಾಕ್ಷಿ.”

“ಅದಕ್ಕೇ ನಿಮ್ಮ ಹತ್ರ ಬಂದಿರೋದು. ದನಿ ಇದ್ದಿದ್ರೆ ಯಾರ ಹತ್ರ ಬೇಕಾದ್ರೂ ಬರ್ಸ್ತಿದ್ದೆ.”

ಅವಳು ಹೋದ ಮೇಲೆ ನಾನು ಸೀಗಮ್ಮನ ಮನೆಗೆ ಹೋದೆ. ಮೂರು ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲ. ಅವಳು ಹಿತ್ತಲಲ್ಲಿ ಕಡಲೆಕಾಯಿ ಸುಲಿಯುತ್ತ ಕೂತಿದ್ದಳು. ಇನ್ನಷ್ಟು ಸಣ್ಣಗಾಗಿದ್ದಳು. ನಾನು ಎಲ್ಲ ಹೇಳಿದೆ.

“ಆ ಮನೇಲಿ ಒಂದಿನ ಕೂತಿದ್ಯಾ?”

“ಇಲ್ಲ.”

“ಜೋಡಿ ಹಾಡು ಬರೆಯೋವಾಗ್ಲೂ?”

ನಾನು ತಲೆ ತಗ್ಗಿಸಿದೆ. ಅವಳು ಅದಕ್ಕೆ ಬೈಯಬಹುದಿತ್ತು. ಒಂದು ಹಿಡಿ ಕಡಲೆಕಾಯಿ ನನ್ನ ಮಡಿಲಿಗೆ ಹಾಕಿ, “ನಾಳೆ ಹೋಗಿ ಕೂತ್ಕೋ,” ಅಂದಳು.

“ಕೂತು ಏನು ಕೇಳಿಸ್ಕೊಳ್ಳಲಿ? ಅವರು ಮಾತೇ ಆಡಲ್ವಲ್ಲ.”

“ಗಂಡಹೆಂಡ್ತಿ ಅಂದ್ಮೇಲೆ ಜಗಳ ಆಡದೆ ಇರ್ತಾರಾ? ಹೋಗೇ.”

ಶುಕ್ರವಾರ ಬೆಳಗ್ಗೆಯಿಂದ ನಾನು ಆ ಒಂದೂವರೆ ಕೋಣೆಯಲ್ಲಿ ಕೂತೆ. ದಾಕ್ಷಿ ಅಂಗಡಿಗೆ ರಜೆ ಹಾಕಿದ್ದಳು. ಮರಿಸ್ವಾಮಿ ನನಗೆ ಚಾಪೆ ಹಾಸಿಕೊಟ್ಟು, ಮೂಲೆಯಲ್ಲಿ ತನ್ನ ಬಟ್ಟೆಗಳನ್ನು ಒಂದು ಕೈಚೀಲಕ್ಕೆ ಮಡಿಸಿಡುವ ಕೆಲಸ ಮುಂದುವರಿಸಿದ. ಮಧ್ಯಾಹ್ನದವರೆಗೆ ನನ್ನ ಪುಸ್ತಕದಲ್ಲಿ ಒಂದಕ್ಷರವೂ ಬೀಳಲಿಲ್ಲ. ಊಟಕ್ಕೆ ಕೂತಾಗ ಅವನು ಸಾರು ಬಾಯಿಗಿಟ್ಟು, ಮುಖ ಕಿವುಚಿ, ಬೆರಳ ಗೆಣ್ಣಿನಿಂದ ತಟ್ಟೆಯ ಅಂಚಿಗೆ ಟಕಟಕ ಕುಟ್ಟಿದ.

“ಇನ್ನೊಂದ್ಸಲ ಹಾಗಂದ್ರೆ ನೋಡಿ ಮತ್ತೆ!” ದಾಕ್ಷಿ ಸೌಟು ಎತ್ತಿದಳು.

ಅವನು ಅದನ್ನೇ ಮತ್ತೆ ಕುಟ್ಟಿದ, ಈ ಸಲ ನಿಧಾನವಾಗಿ, ಒಂದೊಂದೇ.

“ಏನಂದ್ರು?” ನಾನು ಕೇಳಿದೆ.

“ಥೇಟ್ ನಿಮ್ಮಮ್ಮನ ಕೈಸಾರು ಅಂದ್ರು. ಕೇಳಿಸ್ಲಿಲ್ವಾ?”

ನನಗೆ ಕೇಳಿಸಿದ್ದು ಏಳೋ ಎಂಟೋ ಕುಟ್ಟು. ಅವಳಿಗೆ ಕೇಳಿಸಿದ್ದು ಮಾತು. ಆಸ್ಪತ್ರೆಯಿಂದ ಬಂದ ಮೇಲೆ ಅವನು ಅವಳಿಗೆ ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲಿ ಅಂದುಕೊಳ್ಳುತ್ತ ಅಕ್ಷರಕ್ಕೊಂದರಂತೆ ಕುಟ್ಟುತ್ತಿದ್ದನಂತೆ. ಸ್ಲೇಟು ಹೊರಗಿನವರಿಗೆ. ನಾನು ಎಂಜಲು ಕೈಯಲ್ಲೇ ಎದ್ದು ಪುಸ್ತಕ ತೆಗೆದೆ. ಕೈ ಹಾಡಬಹುದು. ಅವನ ಕೈ ಹಾಡಿದರೆ ಅವನು ಹಾಡಿದ ಹಾಗೇ. ಬಾಗಿಲು ಒಪ್ಪುತ್ತದೋ ಇಲ್ಲವೋ ಗೊತ್ತಿರಲಿಲ್ಲ. ನಮ್ಮೂರಿನಲ್ಲಿ ಯಾರೂ ಹಾಗೆ ಮಾಡಿ ನೋಡಿರಲಿಲ್ಲ. ಕಾಲು ಗಂಟೆಯಲ್ಲಿ ನಾಲ್ಕು ಸಾಲು ಬರೆದು ಅವನ ಮುಂದೆ ಹಿಡಿದೆ. ‘ದನಿಯಿರದೆಯೂ ಕರೆವೆನು ನಿನ್ನ, ಮೌನದ ಮಿಡಿತವ ಕೇಳು’ ಎಂದು ಅದು ಶುರುವಾಗುತ್ತಿತ್ತು. ಬರೆಯುವಾಗ ನನಗೇ ಕಣ್ಣು ತುಂಬಿತ್ತು.

ಮರಿಸ್ವಾಮಿ ಓದಿ, ಕೈ ಒರೆಸಿಕೊಂಡು ಸ್ಲೇಟು ಎಳೆದುಕೊಂಡ. ‘ನನ್ನ ಗಂಟಲ ಸುದ್ದಿ ಬಾಗಿಲಿಗ್ಯಾಕೆ?’

“ಮತ್ತೆ ಏನು ಬರೀಲಿ?” ನನಗೆ ಸಿಟ್ಟೇ ಬಂದಿತ್ತು.

ಅವನು ಅಳಿಸಿ ಬರೆದ. ‘ಮಂಡಿಯಿಂದ ಬಂದು ದಿನಾ ಏನಂತಿದ್ದೆ, ಅವಳನ್ನ ಕೇಳಿ.’

ದಾಕ್ಷಿ ಬಾಯಿಗೆ ಸೆರಗು ಒತ್ತಿ ನಕ್ಕಳು. “ಏನಂತಾರೆ, ಹೊಸಿಲ ಮೇಲೆ ನಿಂತು ‘ಏನ್ ಸಾರು’ ಅಂತ ಕೂಗೋರು. ಇಡೀ ಬೀದಿಗೆ ನಮ್ಮನೆ ಸಾರು ಗೊತ್ತಾಗೋದು. ಆಮೇಲೆ ಬೆಳಗ್ಗೆ ಅರ್ಧಕ್ಕೆ ಬಿಟ್ಟಿದ್ದ ಜಗಳ ಅಲ್ಲಿಂದಲೇ ಶುರು.”

ಶನಿವಾರ ಪೂರ್ತಿ ನಾನು ಬರೆದೆ, ಹೊಡೆದುಹಾಕಿದೆ, ಬರೆದೆ. ಪ್ರತಿ ಸಾಲನ್ನೂ ನನ್ನ ಕೋಣೆಯ ಬಾಗಿಲಿಗೆ ಕುಟ್ಟಿ ನೋಡಿದೆ. ಬಾಯಿಗೆ ಸುಲಭವಾದ ಎಷ್ಟೋ ಮಾತು ಗೆಣ್ಣಿಗೆ ಒಗ್ಗುತ್ತಿರಲಿಲ್ಲ. ಒತ್ತಕ್ಷರ ಹೆಚ್ಚಾದರೆ ಬೆರಳು ಎಡವುತ್ತಿತ್ತು. ಎಡಗೈಗೆ ಬಿಂದಿಗೆ ಹಿಡಿದು ಬಲಗೈಯಲ್ಲಿ ಕುಟ್ಟಿದೆ. ಕೊನೆಗೆ ಉಳಿದದ್ದು ಇಷ್ಟು:

ಬಂದೆ ಬಂದೆ ಚೀಲ ಭಾರ; ಒಲೆಯ ಮೇಲೆ ಏನು ಸಾರು; ಬೆಳಗು ಬಿಟ್ಟ ಜಗಳ ಎಲ್ಲಿ; ತಂದು ಬಿಸಿ ಬಿಸಿ ಬಡಿಸು, ಹಸಿವು ಜೋರು.

ಜಗಳವನ್ನು ಬಿಸಿ ಬಿಸಿಯಾಗಿ ಬಡಿಸುವುದು! ಅದೊಂದು ಮಾತಿಗೆ ನಾನೇ ನನ್ನ ಬೆನ್ನು ತಟ್ಟಿಕೊಂಡಿದ್ದೆ.

ಭಾನುವಾರ ಸಂಜೆ ಬೀದಿಯಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ಸೀಗಮ್ಮ ಕೋಲೂರಿಕೊಂಡು ಬಂದಿದ್ದಳು. ಹೊಸಿಲ ಪಕ್ಕದಲ್ಲೇ ಮರಿಸ್ವಾಮಿಯ ಕೈಚೀಲ, ಜಿಪ್ ಹಾಕಿಟ್ಟದ್ದು. ಹಳೆಯ ಹಾಡಿಗೆ ಬಾಗಿಲು ತೆರೆಸಬೇಕಿತ್ತು. ದಾಕ್ಷಿ ಎತ್ತಿಕೊಂಡಳು, ಪಾಪಣ್ಣ ಸೇರಿದ. ಆವತ್ತು ಅವನು ಎಳೆಯಲಿಲ್ಲ, ಕೊಂಕು ಹಾಕಲಿಲ್ಲ. ನಾನು ಬರೆದಿದ್ದ ಹಾಗೇ, ನೆಟ್ಟಗೆ ಹಾಡಿ ಪಕ್ಕಕ್ಕೆ ಸರಿದು ನಿಂತ. ಬಾಗಿಲು ತೆರೆಯಿತು. ದಾಕ್ಷಿ ಹೊಸಿಲೊಳಗೆ ನಿಂತು, ತುಟಿ ಬಿಗಿಹಿಡಿದು, ತೆರೆದ ಬಾಗಿಲಿಗೆ ಹೊಸದನ್ನು ಕುಟ್ಟಿದಳು. ನಾಲ್ಕು ಸಾಲೂ ಸರಾಗವಾಗಿ ಬಂದವು.

ಆಮೇಲೆ ಮರಿಸ್ವಾಮಿ. ಮೂರು ಸಾಲು ಚೆನ್ನಾಗಿ ಕುಟ್ಟಿದವನು ನಾಲ್ಕನೆಯದಕ್ಕೆ ಬಂದು ತಡವರಿಸಿದ. ಕೈ ಗಾಳಿಯಲ್ಲೇ ನಿಂತಿತು. ಮೊದಲಿನಿಂದ ಕುಟ್ಟಿದ. ಮತ್ತೆ ಅಲ್ಲೇ. ಮೂರನೆಯ ಸಲ ಅವನು ಕೈ ಎತ್ತಲೇ ಇಲ್ಲ. ಹೋಗಿ ಕೈಚೀಲ ಎತ್ತಿಕೊಂಡು ಪಾಪಣ್ಣನ ಮೆಟ್ಟಿಲ ಮೇಲೆ ಕೂತ, ಮಡಿಲಲ್ಲಿ ಅದನ್ನಿಟ್ಟುಕೊಂಡು, ಬಸ್ಸಿಗೆ ಕಾಯುವವನ ಹಾಗೆ. ದಾಕ್ಷಿ ಅವನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು.

ಸೀಗಮ್ಮ ಕೋಲಿನಿಂದ ನನ್ನ ಕಾಲಿಗೆ ತಿವಿದಳು. “ಉಸಿರಿಗೆ ಎಲ್ಲಿ ಜಾಗ ಬಿಟ್ಟಿದೀಯ?”

“ಸಾಲಿನ ಕೊನೇಲಿ.”

“ಅದು ನಿನ್ನ ಉಸಿರು. ಅವನದ್ದು ನೋಡಿದ್ಯಾ?”

ನೋಡಿದೆ. ಅವನ ಕುತ್ತಿಗೆಯ ಬಟ್ಟೆ ಒಳಕ್ಕೆ ಸೆಳೆದುಕೊಳ್ಳುವುದು, ಹೊರಕ್ಕೆ ಉಬ್ಬುವುದು. ಅವನ ಪಕ್ಕ ಹೋಗಿ ಕೂತು, ಮೆಟ್ಟಿಲ ಕಲ್ಲಿಗೆ ನಾಲ್ಕೂ ಸಾಲನ್ನು ಮೆಲ್ಲಗೆ ಕುಟ್ಟುತ್ತ ಬಟ್ಟೆಯನ್ನೇ ನೋಡಿದೆ. ಮಾತಾಡುವವರು ಸಾಲು ಮುಗಿಸಿ ಉಸಿರೆಳೆಯುತ್ತಾರೆ. ಅವನಿಗೆ ಅಷ್ಟು ಕಾಯಲಾಗುತ್ತಿರಲಿಲ್ಲ. ನಾಲ್ಕನೆಯ ಸಾಲಿನಲ್ಲಿ ‘ತಂದು’ ಮುಗಿಯುತ್ತಿದ್ದಂತೆ ಬಟ್ಟೆ ಒಳಕ್ಕೆ ಸೆಳೆಯಿತು. ಗಾಳಿಗಾಗಿ ಎದೆ ಎದ್ದಾಗ ಒಳಗಿನ ಮಾತು ಕೈಬಿಟ್ಟುಹೋಗುತ್ತಿತ್ತು. ಅಷ್ಟು ಹೊತ್ತಿಗೆ ಸರಿಯಾಗಿ ಅಲ್ಲಿ ಕೂತಿತ್ತು ನನ್ನ ‘ಬಿಸಿ ಬಿಸಿ’.

“ಮರಿಸ್ವಾಮಿ, ‘ತಂದು’ ಆದ್ಮೇಲೆ ಏನೂ ಬೇಡ,” ಎಂದು ಅವನ ಕಿವಿಯಲ್ಲಿ ಅಂದೆ. “ನಿಮ್ಮ ಉಸಿರು ಬಂದು ಹೋಗ್ಲಿ. ಆಮೇಲೆ ‘ಬಡಿಸು, ಹಸಿವು ಜೋರು’. ಅಷ್ಟೇ.”

ಅವನು ಚೀಲದ ಮೇಲೆಯೇ ಒಮ್ಮೆ ಕುಟ್ಟಿ ನೋಡಿದ. ಇನ್ನೊಮ್ಮೆ. ಚೀಲ ಕೆಳಗಿಟ್ಟು ಎದ್ದ.

ಹೊಸ ರೀತಿಯಲ್ಲಿ ದಾಕ್ಷಿ ಕುಟ್ಟಿದಳು. ‘ತಂದು’ ಆದ ಮೇಲೆ, ತನಗೆ ಅಗತ್ಯವಿಲ್ಲದಿದ್ದರೂ, ಅವನ ಉಸಿರಿನಷ್ಟು ಹೊತ್ತು ಕಾದಳು. ಆಮೇಲೆ ಅವನು ಕುಟ್ಟಿದ. ಕೊನೆಯವರೆಗೂ ಬಂತು. ಇಬ್ಬರೂ ಹೊರಗೆ ಬಂದು ನಿಂತರು. ಖಾಲಿ ಮನೆಯ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ದಾಕ್ಷಿ ನನ್ನ ಪಕ್ಕಕ್ಕೆ ಬಂದು ನಿಂತು ನನ್ನ ತೋಳು ಹಿಡಿದುಕೊಂಡಳು. ಅವಳ ಬಳೆಗಳು ನನ್ನ ಮೊಣಕೈಗೆ ಒತ್ತುತ್ತಿದ್ದವು. ಮರಿಸ್ವಾಮಿ ಒಬ್ಬನೇ ಬಾಗಿಲ ಮುಂದೆ ನಿಂತು ಕೈ ಎತ್ತಿದ. ಒಂದು ಸಾಲು. ಎರಡು. ಮೂರು. ‘ತಂದು’. ಗಾಳಿ ಸುಯ್ಯೆಂದಿತು. ಬೀದಿಯಲ್ಲಿ ಯಾರೂ ಕೆಮ್ಮಲಿಲ್ಲ. ‘ಬಡಿಸು, ಹಸಿವು ಜೋರು.’

ಬಾಗಿಲು ತೆರೆಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ, ಏಕೆಂದರೆ ಚಪ್ಪಾಳೆ ತಟ್ಟಿದರೆ ಬಾಗಿಲಿಗೆ ಏನು ಕೇಳಿಸುತ್ತದೋ ಎಂದು ಎಲ್ಲರಿಗೂ ಹೆದರಿಕೆ. ದಾಕ್ಷಿ ಒಳಗೆ ಹೋಗಿ ದೀಪ ಹಾಕಿದಳು. ಪಾಪಣ್ಣನಿಗೆ ಮಾತ್ರ ತಡೆಯಲಾಗಲಿಲ್ಲ. “ಇಷ್ಟೇನಾ? ಹಂಗಾದ್ರೆ ಯಾವ ಕಳ್ಳ ಬೇಕಾದ್ರೂ ಕುಟ್ಬೋದು,” ಎಂದು ಬಾಗಿಲು ಎಳೆದುಕೊಂಡು, ಕೇಳಿದ್ದನ್ನು ಒಂದಕ್ಷರ ತಪ್ಪದೆ ಕುಟ್ಟಿದ. ಬಾಗಿಲು ಅಲುಗಲಿಲ್ಲ. ಮತ್ತೆ ಕುಟ್ಟಿದ. “ತಾಳ ತಪ್ಪಿಲ್ಲ ಅಲ್ವಾ ಸೀಗಮ್ಮ?”

“ತಪ್ಪಿಲ್ಲ. ಏನ್ ಅಂದ್ಕೊಂಡು ಕುಟ್ಟಿದೆ?”

“ಏನೂ ಇಲ್ಲ. ಸುಮ್ನೆ ಕುಟ್ಟಿದೆ.”

ಸೀಗಮ್ಮ ನನ್ನ ಮುಖ ನೋಡಿದಳು. ಆಗಲೇ ಎಲ್ಲರೂ ನನ್ನ ಸುತ್ತ ಸೇರಿ, ಮಾತು ಏನು ತಾರಿಣಿ, ಒಂದು ಸಲ ಹೇಳು, ಒಂದೇ ಸಾಲು ಹೇಳು ಎಂದು ಕೇಳತೊಡಗಿದರು. ಆ ಬೀದಿಯ ಜನ ನನ್ನ ಹಾಡನ್ನು ಇಷ್ಟು ಆಸೆಯಿಂದ ಕೇಳಿದ್ದು ಅದೇ ಮೊದಲು. ಬಾಯಿಯವರೆಗೂ ಬಂದದ್ದನ್ನು ನಾನು ನುಂಗಿಕೊಂಡೆ. ಅವರಿಬ್ಬರೂ ಆ ಮನೆ ಬಿಟ್ಟು ಎಷ್ಟೋ ವರ್ಷವಾಗಿ, ಆ ಬಾಗಿಲು ಬೇರೆಯವರ ಹಾಡು ಹಿಡಿದಿರುವುದರಿಂದ ಈಗ ಅದನ್ನು ಬರೆಯುತ್ತಿದ್ದೇನೆ.

ಅಷ್ಟರಲ್ಲಿ ಮರಿಸ್ವಾಮಿ ಪಾಪಣ್ಣನನ್ನು ಮೃದುವಾಗಿ ಪಕ್ಕಕ್ಕೆ ಸರಿಸಿ, ಕುಟ್ಟಿ, ತೆರೆಸಿದ. ಒಳಗೆ ಹೋದ. ಹೊರಗೆ ಬಂದ. ತಾನೇ ಬಾಗಿಲು ಎಳೆದುಕೊಂಡ. ಕುಟ್ಟಿದ, ತೆರೆಯಿತು. ಮತ್ತೆ ಎಳೆದುಕೊಂಡ. ಒಮ್ಮೆ ಎಡಗೈಯಲ್ಲಿ, ಒಮ್ಮೆ ಕೈಚೀಲ ಹೆಗಲಿಗೇರಿಸಿಕೊಂಡು, ಒಮ್ಮೆ ಬಾಗಿಲಿಗೆ ಬೆನ್ನು ಮಾಡಿ ನಿಂತು. ಪ್ರತಿ ಸಲವೂ ‘ತಂದು’ ಆದ ಮೇಲೆ ಗಾಳಿ ಸುಯ್ಯೆನ್ನುತ್ತಿತ್ತು, ಪ್ರತಿ ಸಲವೂ ತೆರೆಯುತ್ತಿತ್ತು. ಏಳನೆಯ ಸಲಕ್ಕೆ ಒಳಗಿನಿಂದ ದಾಕ್ಷಿ ಕೂಗಿದಳು:

“ರೀ, ಒಳಗಿದ್ರೆ ಒಳಗಿರಿ, ಹೊರಗಿದ್ರೆ ಹೊರಗಿರಿ! ಸೊಳ್ಳೆ ಬರ್ತಿವೆ!”

ಅವನು ನಮ್ಮೆಲ್ಲರ ಕಡೆ ತಿರುಗಿ ಕೈಮುಗಿದ. ಚೀಲ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.